ಮಂಜು ಹಿಡಿಯುವ ಮರಗಳ ನಾಡು

(ಉಪನ್ಯಾಸವೊಂದರ ಬರಹರೂಪ)

ಅರಬ್ ನಾಡು ಎಂದೊಡನೆ ನಮ್ಮಲ್ಲಿ ಹೆಚ್ಚಿನವರ ಕಣ್ಣೆದುರು ಬರುವುದು ಮೂರೇ ವಸ್ತು: ಮರಳು, ಒಂಟೆ, ಎಣ್ಣೆಬಾವಿ. ಗಲ್ಫಿಗೆ ದುಡಿಯಲು ಹೋದ ಬಂಧುಗಳ ಮಾತು ಕೇಳಿದವರು ಇದಕ್ಕೆ ನಾಲ್ಕನೆಯದೊಂದನ್ನು ಸೇರಿಸುತ್ತಾರೆ, ಸೆಕೆ. ಅದೇ ಅರಬ್ ನಾಡಿನಲ್ಲಿ ಜೂನ್ ಕೊನೆಯಿಂದ ಸೆಪ್ಟೆಂಬರ್ ತನಕ ಸೋನೆ ಹಿಡಿಯುವ, ಗುಡ್ಡಗಳೆಲ್ಲ ಹಸಿರಾಗುವ, ಹಗಲಲ್ಲೇ ದೀಪ ಹಾಕಿಕೊಂಡು ವಾಹನ ಓಡಿಸಬೇಕಾದಷ್ಟು ಮಂಜು ಕವಿಯುವ ಒಂದು ಮೂಲೆ ಇದೆ ಎಂದರೆ ನಂಬುವುದು ಕಷ್ಟ. ಆ ಸೋನೆಯಲ್ಲಿ ನೆನೆಯುವುದಕ್ಕೆಂದೇ ದುಬೈ, ರಿಯಾದ್, ಮಸ್ಕತ್‌ಗಳಿಂದ ಜನ ಸಂಸಾರ ಸಮೇತ ಸಾವಿರಾರು ಕಿಲೋಮೀಟರ್ ದೂರ ಕಾರು ಓಡಿಸಿಕೊಂಡು ಬರುತ್ತಾರೆ. ಮಳೆ ಬಂದರೆ ಕೊಡೆ ಹುಡುಕುವವರು ನಾವು. ಅವರಾದರೋ ಮಳೆಯ ಅಡಿಯಲ್ಲೇ ಚಾಪೆ ಹಾಸಿ ಕುಳಿತು ಚಹಾ ಕುಡಿಯುತ್ತಾರೆ!

ಈ ಮೂಲೆಯ ಹೆಸರು ಧೋಫಾರ್. ಒಮಾನ್ ದೇಶದ ದಕ್ಷಿಣ ತುದಿಯ ಪ್ರಾಂತ. ಪಶ್ಚಿಮಕ್ಕೆ ಯೆಮೆನ್, ಉತ್ತರಕ್ಕೆ ಜಗತ್ತಿನ ಅತಿ ದೊಡ್ಡ ಮರಳುಗಾಡುಗಳಲ್ಲೊಂದಾದ ರುಬ್ ಅಲ್ ಖಾಲಿ, ದಕ್ಷಿಣಕ್ಕೆ ನಮ್ಮದೇ ಅರಬ್ಬೀ ಸಮುದ್ರ. ವಿಸ್ತಾರದಲ್ಲಿ ಕರ್ನಾಟಕದ ಸುಮಾರು ಅರ್ಧದಷ್ಟಿದ್ದರೂ ಅದರ ಬಹುಪಾಲು ಬರಡು. ಜನವಸತಿ ಇರುವುದು ಕಡಲಿಗಂಟಿದ ಒಂದು ಸಣ್ಣ ಪಟ್ಟಿಯಲ್ಲಿ ಮತ್ತು ಅದರ ಬೆನ್ನಿಗಿರುವ ಬೆಟ್ಟಗಳಲ್ಲಿ. ಮುಖ್ಯ ಪಟ್ಟಣ ಸಲಾಲಾ. ಅದರ ಸುತ್ತ ಐವತ್ತು ಕಿಲೋಮೀಟರ್ ಉದ್ದದ ಬಯಲು. ಬಯಲಿನ ಹಿಂದೆ ಅರ್ಧಚಂದ್ರಾಕಾರವಾಗಿ ನಿಂತ ಬೆಟ್ಟಸಾಲು. ಪಶ್ಚಿಮದಲ್ಲಿ ಅದಕ್ಕೆ ಕಮರ್ ಎಂದು ಹೆಸರು, ನಡುವೆ ಕರಾ, ಪೂರ್ವದಲ್ಲಿ ಸಮ್ಹಾನ್. ಬೆಟ್ಟದ ನೆತ್ತಿ ದಾಟಿ ಆಚೆ ಇಳಿದರೆ ಕೆಲವೇ ಕಿಲೋಮೀಟರಿನಲ್ಲಿ ಹಸಿರು ಮುಗಿಯುತ್ತದೆ. ಚಾಕುವಿನಿಂದ ಕೊಯ್ದ ಹಾಗೆ ಮುಗಿಯುತ್ತದೆ ಎಂದರೂ ತಪ್ಪಿಲ್ಲ. ಒಂದು ಮಗ್ಗುಲಲ್ಲಿ ಹುಲ್ಲು, ಹಸು, ಕೆಸರು. ಇನ್ನೊಂದು ಮಗ್ಗುಲಲ್ಲಿ ಕಲ್ಲು, ಬಿಸಿಲು, ಬಯಲು.

ಈ ವಿಚಿತ್ರಕ್ಕೆ ಕಾರಣ ನಮಗೆ ಪರಿಚಿತವಾದುದೇ. ಜೂನ್ ಮೊದಲ ವಾರ ಮಂಗಳೂರು, ಕಾರವಾರಗಳಲ್ಲಿ ಮಳೆ ಸುರಿಸುವ ನೈಋತ್ಯ ಮಾರುತವೇ ಧೋಫಾರಿನ ತೀರವನ್ನೂ ಸವರಿಕೊಂಡು ಹೋಗುತ್ತದೆ. ಆಫ್ರಿಕದ ಸೋಮಾಲಿಯಾ ತೀರದ ಬಳಿ ಬಿರುಸಾಗುವ ಈ ಗಾಳಿಯ ಮುಖ್ಯಧಾರೆ ಸಮುದ್ರ ದಾಟಿ ನಮ್ಮ ಸಹ್ಯಾದ್ರಿಗೆ ಬಂದು ಬಡಿಯುತ್ತದೆ. ಅದರ ಒಂದು ಅಂಚು ಮಾತ್ರ ಅರೇಬಿಯದ ದಕ್ಷಿಣ ತೀರಕ್ಕೆ ಸಮಾನಾಂತರವಾಗಿ ಬೀಸುತ್ತದೆ. ಹಾಗಾದರೆ ಅಲ್ಲೂ ಆಗುಂಬೆಯಂತೆ ಮಳೆ ಸುರಿಯಬೇಕಲ್ಲ ಎಂದು ಯಾರಾದರೂ ಕೇಳಬಹುದು. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆಯಾಗುತ್ತದೆ. ಸಲಾಲಾದಲ್ಲಿ ಇಡೀ ವರ್ಷಕ್ಕೆ ನೂರು ಮಿಲಿಮೀಟರಿನ ಆಸುಪಾಸು. ನಮ್ಮ ಮಲೆನಾಡಿನಲ್ಲಿ ಒಂದು ರಾತ್ರಿ ಸುರಿಯುವಷ್ಟು ಮಳೆ ಅದು. ಅಷ್ಟರಿಂದ ಬೆಟ್ಟಕ್ಕೆ ಬೆಟ್ಟವೇ ಹಸಿರಾಗುವುದು ಹೇಗೆ ಎಂಬುದೇ ಧೋಫಾರಿನ ಕಥೆಯ ತಿರುಳು.

ತೀರಕ್ಕೆ ಸಮಾನಾಂತರವಾಗಿ ಬೀಸುವ ಗಾಳಿ, ಭೂಮಿಯ ತಿರುಗುವಿಕೆಯ ಪರಿಣಾಮವೂ ಸೇರಿ, ಸಮುದ್ರದ ಮೇಲ್ಪದರದ ನೀರನ್ನು ತೀರದಿಂದ ದೂರ ತಳ್ಳುತ್ತದೆ. ಆ ಜಾಗ ತುಂಬಲು ಆಳದ ತಣ್ಣೀರು ಮೇಲೆದ್ದು ಬರುತ್ತದೆ. ಸಾವಿರಾರು ಕಿಲೋಮೀಟರ್ ಕಡಲ ಮೇಲೆ ಸಾಗಿ ತೇವ ಹೀರಿಕೊಂಡು ಬಂದ ಗಾಳಿ ಈ ತಣ್ಣೀರಿನ ಮೇಲೆ ಹಾಯುವಾಗ ತಾನೂ ತಣ್ಣಗಾಗುತ್ತದೆ. ತಣ್ಣಗಾದ ಗಾಳಿಗೆ ಅಷ್ಟು ತೇವವನ್ನು ಹಿಡಿದಿಟ್ಟುಕೊಳ್ಳಲಾಗದು, ಮಂಜಾಗುತ್ತದೆ. ಅತ್ತ ಉತ್ತರದ ಮರಳುಗಾಡಿನಿಂದ ಬರುವ ಬಿಸಿ ಒಣಗಾಳಿ ಇದರ ಮೇಲೆ ಮುಚ್ಚಳದಂತೆ ಕೂರುತ್ತದೆ. ಮೋಡ ಮೇಲೇರಿ ದೊಡ್ಡ ಹನಿಯಾಗಿ ಸುರಿಯಲು ಈ ಮುಚ್ಚಳ ಬಿಡುವುದಿಲ್ಲ. ಹೀಗೆ ಮೇಲೂ ಹೋಗಲಾಗದೆ ಆಚೆಯೂ ದಾಟಲಾಗದೆ ಮೋಡ ಬೆಟ್ಟದ ಕಡಲಮುಖದ ಇಳಿಜಾರಿನಲ್ಲಿ ಸಿಕ್ಕಿಹಾಕಿಕೊಂಡು ಎರಡು ಮೂರು ತಿಂಗಳು ಅಲ್ಲೇ ಬಿದ್ದಿರುತ್ತದೆ. ಅರಬ್ಬಿಯಲ್ಲಿ ಈ ಋತುವಿಗೆ ಖರೀಫ್ ಎನ್ನುತ್ತಾರೆ. ಹೌದು, ನಮ್ಮ ಕೃಷಿ ಇಲಾಖೆಯವರು ಮುಂಗಾರು ಬೆಳೆಗೆ ಹೇಳುವ ಖಾರಿಫ್ ಇದೇ ಪದ. ಮೂಲ ಅರಬ್ಬಿಯಲ್ಲಿ ಅದಕ್ಕೆ ಶರತ್ಕಾಲವೆಂದು ಅರ್ಥ. ಅದು ಧೋಫಾರಿನಲ್ಲಿ ಮಂಜಿನ ಕಾಲವಾಯಿತು, ನಮ್ಮಲ್ಲಿ ಬೆಳೆಯ ಹೆಸರಾಯಿತು.

ಇನ್ನು ಮರಗಳ ವಿಷಯ. ಗಾಳಿಯಲ್ಲಿ ತೇಲುವ ಮಂಜಿನ ಹನಿ ಎಷ್ಟು ಸಣ್ಣದೆಂದರೆ ತಾನಾಗಿ ನೆಲಕ್ಕೆ ಬೀಳಲಾರದು. ಅದು ಎಲೆಗೆ, ರೆಂಬೆಗೆ ತಾಕಬೇಕು. ತಾಕಿದ ಹನಿಗಳು ಒಂದಕ್ಕೊಂದು ಕೂಡಿ ದಪ್ಪವಾಗಿ ತೊಟ್ಟಿಕ್ಕುತ್ತವೆ, ಕಾಂಡದ ಗುಂಟ ಇಳಿಯುತ್ತವೆ. ಖರೀಫ್‌ನ ದಿನ ಬಯಲಲ್ಲಿ ನಿಂತವನ ಅಂಗಿ ತುಸು ತೇವವಾದರೆ, ಹತ್ತೇ ಹೆಜ್ಜೆ ಆಚೆ ಮರದಡಿ ನಿಂತವನು ತೊಯ್ದು ತೊಪ್ಪೆಯಾಗುತ್ತಾನೆ. ಅಂದರೆ ಅಲ್ಲಿ ಮರ ಮಳೆಯಿಂದ ಬೆಳೆದದ್ದಲ್ಲ, ಬಹುಮಟ್ಟಿಗೆ ಮರವೇ ತನ್ನ ಮಳೆಯನ್ನು ತಾನು ಹಿಡಿದುಕೊಳ್ಳುತ್ತದೆ. ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಸಂಶೋಧಕರು ಈ ಕಾಡಿನಲ್ಲಿ ಅಳತೆ ಮಾಡಿ 2006ರಲ್ಲಿ ಪ್ರಕಟಿಸಿದ ಅಧ್ಯಯನದ ಸಾರವೂ ಇದೇ: ಕಾಡಿಗೆ ಸಿಗುವ ನೀರಿನ ಗಣನೀಯ ಪಾಲು ಎಲೆಗಳು ಮಂಜಿನಿಂದ ಸೋಸಿ ತೆಗೆದದ್ದು. ಮೋಡದ ನೆರಳು ಆ ನೀರು ಆವಿಯಾಗದಂತೆ ಕಾಯುತ್ತದೆ. ಮರ ಹೋದರೆ ಅದೇ ಮಂಜು, ಅದೇ ಗಾಳಿ ಬಂದರೂ ಆ ಪಾಲು ನೆಲಕ್ಕಿಳಿಯದು. ಕಡಿದ ಜಾಗದಲ್ಲಿ ಮತ್ತೆ ಮರ ಎದ್ದು ಬರಲು ಬೇಕಾದ ನೀರು ಸಿಗುವುದಿಲ್ಲ, ಏಕೆಂದರೆ ನೀರು ಹಿಡಿಯಲು ಅಲ್ಲಿ ಮರವಿಲ್ಲ. ಮಲೆನಾಡಿನಲ್ಲಿ ಕಾಡು ಕಡಿದರೆ ಕುರುಚಲಾದರೂ ಚಿಗುರುತ್ತದೆ. ಧೋಫಾರಿನಲ್ಲಿ ಆ ಧೈರ್ಯಕ್ಕೆ ಆಸ್ಪದವಿಲ್ಲ.

ಈ ಕಾಡು ಯೆಮೆನ್‌ನ ಹೌಫ್‌ನಿಂದ ಪೂರ್ವಕ್ಕೆ ಸುಮಾರು ಇನ್ನೂರು ಕಿಲೋಮೀಟರ್ ಉದ್ದ, ಅಗಲ ಬಲು ಕಿರಿದು. ಇದರ ಮುಖ್ಯ ಮರ ನಮ್ಮ ಒಣಕಾಡುಗಳಲ್ಲಿರುವ ದಿಂಡಿಗದ ದಾಯಾದಿ. ಈ ಜಾತಿ ಧೋಫಾರ್ ಮತ್ತು ಅದಕ್ಕಂಟಿದ ಯೆಮೆನ್ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಮಿರ್ಬಾತ್ ಊರಿನ ಹಿಂದಿನ ಒಂದು ಕಣಿವೆಯಲ್ಲಿ ಆಫ್ರಿಕದ ಬಾವೊಬಾಬ್ ಮರಗಳ ಗುಂಪೂ ಇದೆ. ಸವಣೂರಿನ ದೊಡ್ಡಹುಣಸೆ ಮರಗಳನ್ನು ನೋಡಿದವರಿಗೆ ಆ ಆನೆಕಾಲಿನಂಥ ಕಾಂಡ ಅಪರಿಚಿತವಲ್ಲ. ಸಮ್ಹಾನ್ ಬೆಟ್ಟದ ಕಡಿದಾದ ಕೊರಕಲುಗಳಲ್ಲಿ ಅರೇಬಿಯದ ಚಿರತೆಗಳು ಬೆರಳೆಣಿಕೆಯಷ್ಟು ಉಳಿದಿವೆ. ಅವುಗಳಿಗಾಗಿ 1997ರಲ್ಲಿ ಆ ಬೆಟ್ಟವನ್ನು ರಕ್ಷಿತ ಪ್ರದೇಶವೆಂದು ಸಾರಲಾಯಿತು.

ಪ್ರವಾಸಿಗೆ ಇಲ್ಲಿ ಏನಿದೆ? ಸಲಾಲಾದ ರಸ್ತೆಬದಿಯಲ್ಲಿ ಸಾಲು ಸಾಲು ಅಂಗಡಿಗಳು, ಅವುಗಳಲ್ಲಿ ತೂಗುಹಾಕಿದ ಬಾಳೆಗೊನೆ, ರಾಶಿ ಹಾಕಿದ ಎಳನೀರು, ಪಪ್ಪಾಯಿ. ಹಿಂದೆ ತೆಂಗಿನ ತೋಟ. ಉಡುಪಿಯ ಕಡೆಯವರನ್ನು ಕಣ್ಣು ಕಟ್ಟಿ ತಂದು ಇಲ್ಲಿ ಬಿಟ್ಟರೆ ಅಂಗಡಿಯ ಬೋರ್ಡು ಓದುವ ತನಕ ಊರು ಬಿಟ್ಟದ್ದು ತಿಳಿಯಲಿಕ್ಕಿಲ್ಲ. ಪೂರ್ವಕ್ಕೆ ಹೋದರೆ ದರ್ಬಾತ್ ಕಣಿವೆಯ ಹೊಳೆ, ಹುಲ್ಲುಗಾವಲು. ಪಶ್ಚಿಮಕ್ಕೆ ಹೋದರೆ ಮುಗ್ಸೈಲ್ ಕಡಲತೀರ. ಅಲ್ಲಿ ಬಂಡೆಯಲ್ಲಿರುವ ತೂತುಗಳ ಮೂಲಕ ಖರೀಫ್‌ನ ಅಲೆ ನುಗ್ಗಿ ಕಾರಂಜಿಯಂತೆ ಮೇಲಕ್ಕೆ ಚಿಮ್ಮುತ್ತದೆ. ಅಲ್ಲಿಂದ ಯೆಮೆನ್ ಗಡಿಯತ್ತ ಸುತ್ತಿ ಸುತ್ತಿ ಏರುವ ಘಾಟಿ ರಸ್ತೆ ನಮ್ಮ ಚಾರ್ಮಾಡಿಯನ್ನು ನೆನಪಿಸುತ್ತದೆ, ಆದರೆ ಬಂಡೆ ಬರಿಮೈ. ಇತ್ತೀನ್ ಬೆಟ್ಟದ ಮೇಲೆ ಪ್ರವಾದಿ ಅಯ್ಯೂಬರ ಸಮಾಧಿ ಎಂದು ಜನ ನಂಬುವ ಸ್ಥಳವಿದೆ. ಕಷ್ಟಸಹಿಷ್ಣುತೆಗೆ ಹೆಸರಾದ, ಬೈಬಲಿನಲ್ಲಿ ಯೋಬನೆಂದು ಬರುವ ವ್ಯಕ್ತಿಯೇ ಈ ಅಯ್ಯೂಬ್. ಸುತ್ತಲೂ ಮಂಜು, ಗುಡ್ಡದ ಮೌನ, ಒಳಗೆ ಹಸಿರು ಬಟ್ಟೆ ಹೊದಿಸಿದ ಗೋರಿ.

ಮೌನ ಎಂದದ್ದು ಖರೀಫ್‌ಗೆ ಪೂರ್ತಿ ಅನ್ವಯಿಸದು. 2024ರ ಖರೀಫ್‌ನಲ್ಲಿ ಬಂದವರ ಸಂಖ್ಯೆ ಹತ್ತು ಲಕ್ಷ ದಾಟಿತು. ಆ ಎರಡು ಮೂರು ತಿಂಗಳು ಹೋಟೆಲುಗಳಲ್ಲಿ ಕೋಣೆ ಸಿಗುವುದು ಕಷ್ಟ, ದರ್ಬಾತ್ ಕಣಿವೆಯಲ್ಲಿ ವಾಹನಗಳ ಸಾಲು. ಸೆಪ್ಟೆಂಬರ್ ಕಳೆಯುತ್ತಿದ್ದಂತೆ ಮಂಜು ತೆರವಾಗಿ ಸರ್ಬ್ ಎಂಬ ಋತು ಬರುತ್ತದೆ. ಬಿಸಿಲು ಬಿದ್ದ ಹಸಿರು ಗುಡ್ಡ, ಶಾಂತವಾದ ಕಡಲು, ಊರಿಗೆ ಮರಳಿದ ಪ್ರವಾಸಿಗಳು. ಧೋಫಾರನ್ನು ನಿಜವಾಗಿ ನೋಡಬೇಕೆನ್ನುವವರು ಆಗ ಹೋಗುವುದು ಜಾಣತನ. ಮಂಜಿದ್ದಾಗ ಅದು ಬರಿಯ ತಂಪು, ಮಂಜು ಸರಿದಾಗಲೇ ಅಲ್ಲಿ ಏನಿದೆ ಎಂಬುದು ಕಾಣಿಸುವುದು.

ಬೆಟ್ಟದ ಹಸಿರು ಮಗ್ಗುಲಿಗೆ ಇಷ್ಟೆಲ್ಲ ಹೆಸರಿದ್ದರೂ ಧೋಫಾರನ್ನು ಹಿಂದೆ ಜಗತ್ತಿಗೆ ಪರಿಚಯಿಸಿದ್ದು ಅದರ ಒಣ ಮಗ್ಗುಲು. ಮಂಜಿನ ತಂಪುಗಾಳಿ ಸೋಕುವ, ಆದರೆ ನೀರು ತಲುಪದ ನಜ್ದ್ ಎಂಬ ಕಲ್ಲುನೆಲದಲ್ಲಿ ಲುಬಾನ್ ಮರ ಬೆಳೆಯುತ್ತದೆ. ಆಳೆತ್ತರದ, ಗಂಟುಗಂಟಾದ, ನೋಡಲು ಏನೂ ಅಲ್ಲದ ಮರ. ಮನ್ಕಫ್ ಎಂಬ ಸಣ್ಣ ಹತ್ಯಾರದಿಂದ ಅದರ ತೊಗಟೆಯನ್ನು ಅಂಗೈಗಿಂತ ಕಡಿಮೆ ಅಗಲಕ್ಕೆ ಕೆತ್ತಿದರೆ ಹಾಲಿನಂಥ ಸೊನೆ ಒಸರುತ್ತದೆ. ಅರಬ್ಬಿಯಲ್ಲಿ ಹಾಲಿಗೂ ಬಿಳುಪಿಗೂ ಇರುವ ಧಾತುವಿನಿಂದಲೇ ಲುಬಾನ್ ಎಂಬ ಹೆಸರು ಬಂತು. ಮೊದಲ ಸಲದ ಸೊನೆಗೆ ಬೆಲೆಯಿಲ್ಲ. ಕೆಲವು ವಾರ ಬಿಟ್ಟು ಅದೇ ಗಾಯವನ್ನು ಮತ್ತೆ ಮತ್ತೆ ಕೆರೆದಾಗ ಬರುವುದು ಒಳ್ಳೆಯ ಮಾಲು. ಗಾಳಿಗೆ ಗಟ್ಟಿಯಾದ ಆ ಹರಳುಗಳನ್ನು ಬೆಟ್ಟದಾಚೆಯ ಹೋಜರಿ, ಇನ್ನಿತರ ಕಡೆಯದು ಎಂದು ವಿಂಗಡಿಸಿ ಮಾರುತ್ತಾರೆ. ಸಲಾಲಾದ ಹಾಫಾ ಪೇಟೆಯಲ್ಲಿ ಹೋಜರಿಗೆ ಮಿಕ್ಕೆಲ್ಲದಕ್ಕಿಂತ ಹೆಚ್ಚಿನ ಬೆಲೆ. ನಸುಹಸಿರು ಬಣ್ಣದ ಹರಳು ಅದರಲ್ಲೂ ಮೇಲು. ಪಕ್ಕದಲ್ಲೇ ಬಣ್ಣ ಬಳಿದ ಮಣ್ಣಿನ ಧೂಪಾರತಿಗಳೂ ಮಾರಾಟಕ್ಕಿರುತ್ತವೆ.

ನಮ್ಮ ದರ್ಗಾಗಳಲ್ಲಿ ಹಾಕುವ ಧೂಪಕ್ಕೆ ಲೋಬಾನ ಎನ್ನುವುದು ಎಲ್ಲರಿಗೂ ಗೊತ್ತು. ಅದು ಈ ಲುಬಾನ್ ಪದವೇ. ತಮಾಷೆಯೆಂದರೆ ಪೇಟೆಯಲ್ಲಿ ಲೋಬಾನ ಎಂದು ಕೊಡುವುದು ಹೆಚ್ಚಿನ ಸಲ ಸುಮಾತ್ರ ಕಡೆಯ ಬೇರೊಂದು ಮರದ ಅಂಟು. ಅರಬ್ ವರ್ತಕರು ಅದನ್ನು ‘ಜಾವದ ಲುಬಾನ್’ ಎಂದು ಕರೆದರು. ‘ಲುಬಾನ್ ಜಾವಿ’ ಎಂಬುದು ಯುರೋಪಿಗೆ ಹೋಗಿ ಬೆಂಜೋಯಿನ್ ಆಯಿತು, ಅದರಿಂದ ರಸಾಯನಶಾಸ್ತ್ರದ ಬೆಂಜೀನ್ ಹುಟ್ಟಿತು. ಧೋಫಾರಿನ ಗುಡ್ಡದ ಒಂದು ಪದ ನಮ್ಮ ಪಿಯುಸಿ ವಿದ್ಯಾರ್ಥಿಗಳ ಪಠ್ಯದೊಳಗೆ ಹೀಗೆ ಕುಳಿತಿದೆ!

ಎರಡು ಸಾವಿರ ವರ್ಷಗಳ ಹಿಂದೆ ರೋಮ್‌ನಿಂದ ಭಾರತದ ತನಕ ದೇವಾಲಯಗಳಲ್ಲಿ ಧೂಪಕ್ಕೆ ಬೇಡಿಕೆಯಿತ್ತು. ಸಲಾಲಾದಿಂದ ಪೂರ್ವಕ್ಕೆ, ಖೋರ್ ರೋರಿ ಎಂಬ ಹಿನ್ನೀರಿನ ದಡದಲ್ಲಿ ಸುಮ್ಹುರಮ್ ಎಂಬ ಕೋಟೆಯೂರಿನ ಅವಶೇಷ ಇದೆ. ಯೆಮೆನ್‌ನ ಹದ್ರಮೌತ್ ರಾಜರು ಲುಬಾನ್ ವ್ಯಾಪಾರಕ್ಕಾಗಿ ಕಟ್ಟಿಸಿದ ಬಂದರು ಅದು. ಕ್ರಿ.ಶ. ಮೊದಲ ಶತಮಾನದ ಗ್ರೀಕ್ ನಾವಿಕ ಕೈಪಿಡಿ ‘ಪೆರಿಪ್ಲಸ್’ ಮೋಸ್ಕಾ ಎಂದು ಕರೆಯುವ ಬಂದರು ಇದೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಭಾರತದ ಪಶ್ಚಿಮ ತೀರದಿಂದ ತಡವಾಗಿ ಹೊರಟ ಹಡಗುಗಳು ಇಲ್ಲಿ ತಂಗಿ, ಬಟ್ಟೆ, ಗೋದಿ, ಎಳ್ಳೆಣ್ಣೆ ಕೊಟ್ಟು ಲುಬಾನ್ ಕೊಳ್ಳುತ್ತಿದ್ದವೆಂದು ಆ ಕೈಪಿಡಿ ಹೇಳುತ್ತದೆ. ಇದು ಬರಿಯ ಬರವಣಿಗೆಯ ಮಾತಲ್ಲ. 1950ರ ದಶಕದಲ್ಲಿ ಅಮೆರಿಕದ ತಂಡವೊಂದು ಇಲ್ಲಿ ಅಗೆದಾಗ ಭಾರತೀಯ ಸ್ತ್ರೀಮೂರ್ತಿಯೊಂದು, ತಲೆಯಿಲ್ಲದ ಸಣ್ಣ ಕಂಚಿನ ವಿಗ್ರಹ, ಸಿಕ್ಕಿತು. 2006ರಲ್ಲಿ ಇಟಲಿಯ ಪುರಾತತ್ವಜ್ಞರಿಗೆ ತಮಿಳು ಬ್ರಾಹ್ಮಿ ಲಿಪಿಯಲ್ಲಿ ವ್ಯಕ್ತಿಯೊಬ್ಬನ ಹೆಸರು ಗೀರಿದ ಮಡಕೆಯ ಚೂರು ಸಿಕ್ಕಿತು. ಯಾರೋ ದಕ್ಷಿಣ ಭಾರತದ ವರ್ತಕ ತನ್ನ ಪಾತ್ರೆ ಕಳೆದುಹೋಗದಿರಲೆಂದು ಹೆಸರು ಬರೆದಿಟ್ಟುಕೊಂಡಿರಬೇಕು. ನಮ್ಮ ಮನೆಗಳಲ್ಲಿ ಸ್ಟೀಲು ಲೋಟಕ್ಕೆ ಹೆಸರು ಕೊರೆಸುವ ಹಾಗೆ.

ಸುಮ್ಹುರಮ್ ಪಾಳುಬಿದ್ದ ಬಳಿಕ ಬೇರೆ ಬಂದರು ಮೇಲೆದ್ದಿತು. ಈಗಿನ ಸಲಾಲಾದ ಕಡಲತಡಿಯಲ್ಲೇ ಇರುವ ಅಲ್ ಬಲೀದ್ ಎಂಬ ಪಾಳುನಗರ, ಮಧ್ಯಯುಗದ ಜಫಾರ್. ಆ ಹೆಸರೇ ಇಂದಿನ ಧೋಫಾರ್. ಲುಬಾನ್ ಜೊತೆಗೆ ಇಲ್ಲಿಂದ ಭಾರತಕ್ಕೆ ಕುದುರೆಗಳು ಹೋಗುತ್ತಿದ್ದವೆಂದು ಮಾರ್ಕೊ ಪೋಲೊ ಬರೆದಿದ್ದಾನೆ. ಅರೇಬಿಯದ ಬೇರೆ ಬೇರೆ ಬಂದರುಗಳಿಂದ ಹೀಗೆ ಬಂದ ಕುದುರೆಗಳಿಗಾಗಿಯೇ ಮುಂದೆ ಭಟ್ಕಳದಂಥ ನಮ್ಮ ಬಂದರುಗಳು ವಿಜಯನಗರದ ಅರಸರಿಗೆ ಅಷ್ಟು ಮುಖ್ಯವಾದವು. ಚೀನಾದ ಜೆಂಗ್ ಹೆ ನೌಕಾಪಡೆಯೂ 15ನೇ ಶತಮಾನದಲ್ಲಿ ಇಲ್ಲಿಗೆ ಬಂದಿತ್ತು.

ಜಫಾರ್‌ನ ಬಗ್ಗೆ ಎಲ್ಲಕ್ಕಿಂತ ರಸವತ್ತಾಗಿ ಬರೆದವನು ಮೊರೊಕ್ಕೊದ ಇಬ್ನ್ ಬತೂತಾ. ಅವನಿಗೆ ಇಲ್ಲಿ ಅಚ್ಚರಿ ಹುಟ್ಟಿಸಿದ್ದು ಮೂರು ಸಂಗತಿ. ಭಾರತದಲ್ಲಿರುವಂಥದೇ ತೆಂಗು, ವೀಳ್ಯದೆಲೆ ಮತ್ತು ದನಕ್ಕೆ ಮೀನು ತಿನ್ನಿಸುವ ಪದ್ಧತಿ. ಇಲ್ಲಿನವರ ಆಹಾರವಾದ ಅಕ್ಕಿ ಭಾರತದಿಂದ ಬರುತ್ತಿತ್ತೆಂದೂ ಬರೆದಿದ್ದಾನೆ. ಇದೇ ಇಬ್ನ್ ಬತೂತಾ ಬಳಿಕ ನಮ್ಮ ಹೊನ್ನಾವರಕ್ಕೆ ಬಂದು ಅಲ್ಲಿ ಹುಡುಗರಿಗೆ 23, ಹುಡುಗಿಯರಿಗೆ 13 ಶಾಲೆಗಳಿದ್ದವೆಂದು ದಾಖಲಿಸಿದವನು. 1347ರಲ್ಲಿ ಊರಿಗೆ ಮರಳುವಾಗ ಕಲ್ಲಿಕೋಟೆಯಿಂದ ಜಫಾರ್‌ಗೆ 28 ದಿನಗಳಲ್ಲಿ ತಲುಪಿದ್ದಾಗಿ ಲೆಕ್ಕ ಕೊಡುತ್ತಾನೆ. ಗಾಳಿ ಅನುಕೂಲವಾಗಿದ್ದರೆ ನಮ್ಮ ಕರಾವಳಿಗೂ ಧೋಫಾರಿಗೂ ಇದ್ದ ಅಂತರ ಒಂದು ತಿಂಗಳಿಗಿಂತ ಕಡಿಮೆ. ಆ ಕಾಲಕ್ಕೆ ಕರಾವಳಿಯವನಿಗೆ ದಿಲ್ಲಿಗಿಂತ ಜಫಾರ್ ಹತ್ತಿರವಿತ್ತು ಎಂದರೂ ಉತ್ಪ್ರೇಕ್ಷೆಯಾಗದು.

ಕೇರಳದ ಮುಸ್ಲಿಮರ ನಡುವೆ ಬಹುಕಾಲದಿಂದ ಇರುವ ಒಂದು ಐತಿಹ್ಯವನ್ನೂ ಇಲ್ಲಿ ಹೇಳಬೇಕು. ಚೇರಮಾನ್ ಪೆರುಮಾಳ್ ಎಂಬ ದೊರೆ ರಾಜ್ಯ ಹಂಚಿಕೊಟ್ಟು ಮೆಕ್ಕಾಕ್ಕೆ ಹೋಗಿ ಇಸ್ಲಾಂ ಸ್ವೀಕರಿಸಿ, ಮರಳುವ ದಾರಿಯಲ್ಲಿ ಜಫಾರ್‌ನಲ್ಲಿ ತೀರಿಕೊಂಡನಂತೆ. ಅವನದೆಂದು ಹೇಳುವ ಗೋರಿ ಸಲಾಲಾದಲ್ಲಿದೆ. ಅಲ್ಲಿ ದುಡಿಯುವ ಮಲಯಾಳಿಗಳು ಹೋಗಿ ನೋಡಿ ಬರುತ್ತಾರೆ. ಕಥೆಯ ಕಾಲದ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಆದರೆ ಮಲಬಾರಿನ ಜನ ತಮ್ಮ ದೊರೆಯನ್ನು ಕಥೆಯಲ್ಲಿ ಸಾಯಿಸಲು ಈ ಊರನ್ನೇ ಆರಿಸಿಕೊಂಡದ್ದರಲ್ಲಿ ಒಂದು ಸತ್ಯವಿದೆ. ಹಡಗಿನವರಿಗೆ ಅದು ಗೊತ್ತಿದ್ದ ಊರು.

ಬಂದರಿನ ಕಥೆ ಇಷ್ಟಾದರೆ ಬೆಟ್ಟದವರದ್ದು ಬೇರೆಯೇ. ಧೋಫಾರಿನ ಗುಡ್ಡಗರು ಮನೆಯಲ್ಲಿ ಆಡುವುದು ಅರಬ್ಬಿಯಲ್ಲ, ಶಹ್ರಿ ಅಥವಾ ಜಿಬ್ಬಾಲಿ ಎಂಬ ಭಾಷೆ. ಜಬಲ್ ಎಂದರೆ ಬೆಟ್ಟ, ಜಿಬ್ಬಾಲಿ ಎಂದರೆ ಬೆಟ್ಟದ ನುಡಿ. ಇದು ಅರಬ್ಬಿಯ ಉಪಭಾಷೆಯಲ್ಲ. ಒಂದೇ ದೊಡ್ಡ ಕುಟುಂಬಕ್ಕೆ ಸೇರಿದ್ದರೂ ಅರಬ್ಬಿ ಮಾತ್ರ ಬಲ್ಲವನಿಗೆ ಇದು ಅರ್ಥವಾಗುವುದಿಲ್ಲ. ಬಾಯಿಯ ಒಂದೇ ಬದಿಯಿಂದ ಗಾಳಿ ಹೊರಬಿಟ್ಟು ನುಡಿಯುವ ಧ್ವನಿಗಳು ಇದರಲ್ಲಿವೆ. 1930-31ರಲ್ಲಿ ಸಲಾಲಾದಿಂದ ಹೊರಟು ರುಬ್ ಅಲ್ ಖಾಲಿಯನ್ನು ದಾಟಿದ ಮೊದಲ ಯುರೋಪಿಯನ್ ಬರ್ಟ್ರಂ ಥಾಮಸ್ ಈ ನುಡಿಗಳ ಬಗ್ಗೆ ಟಿಪ್ಪಣಿ ಮಾಡಿಕೊಂಡಿದ್ದ. ಬಳಿಕ ವಿದ್ವಾಂಸ ಜಾನ್‌ಸ್ಟನ್ ಸಿದ್ಧಪಡಿಸಿದ ನಿಘಂಟು 1981ರಲ್ಲಿ ಬಂತು. ಆದರೆ ಭಾಷೆಗೆ ಬರವಣಿಗೆಯ ಪರಂಪರೆ ಇಲ್ಲ, ಶಾಲೆಯಲ್ಲಿ ಜಾಗವಿಲ್ಲ. ಶಾಲೆ, ಕಚೇರಿ, ಟೆಲಿವಿಷನ್ ಎಲ್ಲ ಅರಬ್ಬಿ. ಮಂಜಿನ ಬಗೆಗಳನ್ನು, ಗಿಡಗಳ ಹೆಸರುಗಳನ್ನು, ಯಾವ ಎಲೆ ಯಾವ ತಿಂಗಳಲ್ಲಿ ದನಕ್ಕೆ ಒಳ್ಳೆಯದು ಎಂಬ ತಿಳಿವನ್ನು ಇಟ್ಟುಕೊಂಡಿರುವುದು ಈ ನುಡಿ. 1988ರಲ್ಲಿ ಮಿಲ್ಲರ್ ಮತ್ತು ಮಿರಾಂಡಾ ಮೋರಿಸ್ ಅವರು ಧೋಫಾರಿನ ಸಸ್ಯಗಳ ಬಗ್ಗೆ ಹೊರತಂದ ದೊಡ್ಡ ಪುಸ್ತಕದಲ್ಲಿ ಇಂಥ ಜ್ಞಾನದ ಒಂದಂಶ ದಾಖಲಾಗಿದೆ. ಉಳಿದದ್ದು ಅಜ್ಜ ಅಜ್ಜಿಯರ ಬಾಯಲ್ಲಿದೆ.

ಈ ಗುಡ್ಡಗರು ದನಗಾಹಿಗಳು. ಅರೇಬಿಯದಲ್ಲಿ ಒಂಟೆ, ಆಡು ಸಾಕುವವರು ಎಲ್ಲೆಡೆ ಇದ್ದಾರೆ. ಬೆಟ್ಟದಲ್ಲಿ ಹಸುವಿನ ಹಿಂಡು ಸಾಕುವವರು ಅಪರೂಪ. ಖರೀಫ್ ಬಂದೊಡನೆ ಒಂಟೆಗಳನ್ನು ಬಯಲಿಗೆ ಇಳಿಸುತ್ತಿದ್ದರು. ಕೆಸರಲ್ಲಿ ಒಂಟೆಯ ಕಾಲು ಜಾರುತ್ತದೆ, ನೊಣದ ಕಾಟ ಬೇರೆ. ಹೀಗಾಗಿ ಹುಲ್ಲು ಮೊಳೆಯುವ ದಿನಗಳಲ್ಲಿ ಬೆಟ್ಟಕ್ಕೆ ಬಿಡುವು ಸಿಗುತ್ತಿತ್ತು. ಬೇಸಗೆಯಲ್ಲಿ ಮೇವು ಮುಗಿದಾಗ ದನಕ್ಕೆ ಒಣಮೀನು. ತಾಕಾ, ಮಿರ್ಬಾತ್ ತೀರಗಳಲ್ಲಿ ಮರಳ ಮೇಲೆ ಹರಡಿ ಒಣಗಿಸುವ ಆ ಮೀನು ಯಾವುದೆಂದರೆ ನಮ್ಮ ಕರಾವಳಿಯವರ ಬೂತಾಯಿಯೇ, ಜಾತಿಯೂ ಅದೇ. ಖರೀಫ್ ಗಾಳಿ ಆಳದಿಂದ ಎತ್ತಿ ತರುವ ತಣ್ಣೀರಿನಲ್ಲಿ ಸತ್ವ ಹೆಚ್ಚು. ಅದನ್ನುಂಡು ಬೆಳೆದ ಮೀನು ಚಳಿಗಾಲದಲ್ಲಿ ಬಲೆಗೆ ಬೀಳುತ್ತದೆ, ಬೇಸಗೆಯಲ್ಲಿ ಬೆಟ್ಟದ ಹಸುವಿನ ಹೊಟ್ಟೆ ಸೇರುತ್ತದೆ. ಗಾಳಿಯೊಂದೇ ಹುಲ್ಲನ್ನೂ ಕೊಟ್ಟಿತು, ಹುಲ್ಲಿಲ್ಲದ ಕಾಲಕ್ಕೆ ಮೀನನ್ನೂ ಕೊಟ್ಟಿತು. ಮಲ್ಪೆಯಲ್ಲಿ ಬೂತಾಯಿ ಗಸಿ ಉಣ್ಣುವವರಿಗೆ ದನ ಮೀನು ತಿನ್ನುವ ಸುದ್ದಿ ನಗೆ ತರಿಸಬಹುದು. ಏಳು ನೂರು ವರ್ಷಗಳ ಹಿಂದೆ ಇಬ್ನ್ ಬತೂತಾನೂ ಇದನ್ನೇ ಕಂಡು ಅಚ್ಚರಿಪಟ್ಟದ್ದು.

ಈಗ ಇಷ್ಟು ಶಾಂತವಾಗಿ ಕಾಣುವ ಈ ಬೆಟ್ಟಗಳಲ್ಲಿ ಹತ್ತು ವರ್ಷ ಯುದ್ಧ ನಡೆಯಿತೆಂಬುದು ಇಂದಿನ ಪ್ರವಾಸಿಗೆ ತಿಳಿಯುವುದು ಅಪರೂಪ. 1932ರಿಂದ ಒಮಾನ್ ಆಳಿದ ಸುಲ್ತಾನ್ ಸೈದ್ ಬಿನ್ ತೈಮೂರ್ ಹುಡುಗನಾಗಿದ್ದಾಗ ನಮ್ಮ ಅಜ್ಮೇರಿನ ಮೇಯೊ ಕಾಲೇಜಿನಲ್ಲಿ ಓದಿದವನು. ಆದರೆ ತನ್ನ ನಾಡಿಗೆ ಓದು ಬೇಕೆಂದು ಅವನಿಗೆ ಅನ್ನಿಸಲಿಲ್ಲ. 1970ರ ತನಕ ಇಡೀ ದೇಶದಲ್ಲಿ ಮೂರೇ ಶಾಲೆಗಳಿದ್ದವು. 1958ರ ಬಳಿಕ ಅವನು ಸಲಾಲಾದ ಅರಮನೆ ಬಿಟ್ಟು ರಾಜಧಾನಿ ಮಸ್ಕತ್‌ಗೆ ಕಾಲಿಡಲಿಲ್ಲ. ಅರಮನೆಯ ಕಣ್ಣಳತೆಯಲ್ಲೇ ಇದ್ದ ಬೆಟ್ಟದವರಿಗೆ ರಸ್ತೆಯಿಲ್ಲ, ಆಸ್ಪತ್ರೆಯಿಲ್ಲ. 1965ರಲ್ಲಿ ಅಲ್ಲಿ ದಂಗೆ ಎದ್ದಿತು. 1968ರ ಹೊತ್ತಿಗೆ ಅದು ಎಡಪಂಥೀಯ ಕ್ರಾಂತಿಯ ರೂಪ ತಾಳಿ, 1970ಕ್ಕೆ ಬೆಟ್ಟದ ಬಹುಭಾಗ ಬಂಡುಕೋರರ ವಶವಾಯಿತು. ಆ ವರ್ಷದ ಜುಲೈ 23ರಂದು ಮಗ ಕಾಬೂಸ್ ಬ್ರಿಟಿಷರ ಬೆಂಬಲದಿಂದ ತಂದೆಯನ್ನು ಇಳಿಸಿ ತಾನು ಪಟ್ಟಕ್ಕೆ ಬಂದ. ಕಾಬೂಸ್ ಹುಟ್ಟಿದ್ದು ಸಲಾಲಾದಲ್ಲಿ, ಅವನ ತಾಯಿ ಧೋಫಾರಿನ ಬೆಟ್ಟದ ಕುಲದವಳು.

ಯುದ್ಧದಲ್ಲೂ ಮಂಜು ಪಾತ್ರ ವಹಿಸಿತು. 1972ರ ಜುಲೈ 19ರಂದು ಇನ್ನೂರೈವತ್ತರಷ್ಟು ಬಂಡುಕೋರರು ಮಿರ್ಬಾತ್ ಪಟ್ಟಣದ ಮೇಲೆರಗಿದ್ದು ಖರೀಫ್‌ನ ಮರೆಯಲ್ಲಿ. ವಿಮಾನ ಹಾರಲಾರದೆಂಬುದು ಅವರ ಲೆಕ್ಕ. ಒಂಬತ್ತು ಬ್ರಿಟಿಷ್ ಸೈನಿಕರೂ ಸ್ಥಳೀಯ ಪಡೆಯವರೂ ಗಂಟೆಗಟ್ಟಲೆ ತಡೆದು ನಿಂತರು. ಮೋಡ ಕೆಳಗಿದ್ದರೂ ವಿಮಾನಗಳು ಕೊನೆಗೆ ಬಂದೇ ಬಂದವು, ಲೆಕ್ಕ ತಪ್ಪಿತು. ಬ್ರಿಟನ್, ಇರಾನ್, ಜೋರ್ಡಾನ್‌ಗಳ ನೆರವಿನಿಂದ ಸುಲ್ತಾನನ ಸೇನೆ ಮೇಲುಗೈ ಪಡೆದು 1975ರ ಡಿಸೆಂಬರಿನಲ್ಲಿ ಯುದ್ಧ ಮುಗಿಯಿತೆಂದು ಸಾರಲಾಯಿತು. ಬಂದೂಕಿನಷ್ಟೇ ಕೆಲಸ ಮಾಡಿದ್ದು ಕೊಳವೆಬಾವಿ, ಪಶುವೈದ್ಯ, ರಸ್ತೆ, ಶಾಲೆ. ಶರಣಾದವರಿಗೆ ಕ್ಷಮಾದಾನ ದೊರಕಿ, ಹಲವರು ಸರ್ಕಾರದ ಹುದ್ದೆಗಳಿಗೂ ಬಂದರು. ಕಾಬೂಸ್ 2020ರ ಜನವರಿಯಲ್ಲಿ ತೀರಿಕೊಳ್ಳುವ ತನಕ ಆಳಿದ.

ಶಾಂತಿ ತಂದ ಇದೇ ಕೊಳವೆಬಾವಿ ಮತ್ತು ಪಶುವೈದ್ಯರಿಂದ ಬೆಟ್ಟಕ್ಕೆ ಇನ್ನೊಂದು ಸಂಕಟ ಬಂತು. ಇದನ್ನು ಯಾರ ತಪ್ಪೆಂದು ಹೇಳುವುದು? ಮೊದಲು ಬೇಸಗೆಯಲ್ಲಿ ನೀರು ಸಿಗುವಷ್ಟು, ಮೇವು ಸಿಗುವಷ್ಟು ದನ ಮಾತ್ರ ಉಳಿಯುತ್ತಿದ್ದವು, ರೋಗ ಬಂದರೆ ಸಾಯುತ್ತಿದ್ದವು. ಈಗ ಲಾರಿಯಲ್ಲಿ ನೀರು ಬರುತ್ತದೆ, ಚೀಲದಲ್ಲಿ ಮೇವು ಬರುತ್ತದೆ, ಲಸಿಕೆ ಸಿಗುತ್ತದೆ. ಹಿಂಡು ದೊಡ್ಡದಾಯಿತು. ಹಿಂಡೆಂದರೆ ಮನೆತನದ ಗೌರವ, ಅದರಲ್ಲೂ ಒಂಟೆ. ಹೊಟ್ಟೆಪಾಡಿಗೆ ಸರ್ಕಾರಿ ನೌಕರಿ ಇದ್ದರೂ ಒಂಟೆ ಮಾರುವವರು ಕಡಿಮೆ. ಹಸು ಹುಲ್ಲು ಮೇಯುತ್ತದೆ, ಕೆಳಗಿನ ರೆಂಬೆ ಎಳೆಯುತ್ತದೆ. ಒಂಟೆಯ ಕೊರಳು ಮರದ ನೆತ್ತಿಗೇ ತಲುಪುತ್ತದೆ. ಅದು ತಿನ್ನುವುದು ಮಂಜು ಹಿಡಿಯುವ ಎಲೆಗಳನ್ನೇ. ಹಳೆಯ ಮರ ಸತ್ತ ಜಾಗದಲ್ಲಿ ಸಸಿ ಏಳುವ ಮೊದಲೇ ಬಾಯಿಗೆ ಹೋಗುತ್ತದೆ. ಕಾಡಿದ್ದ ಹಲವು ಇಳಿಜಾರುಗಳಲ್ಲಿ ಈಗ ಬರಿ ಹುಲ್ಲು, ಅಲ್ಲಲ್ಲಿ ಒಂಟಿ ಅತ್ತಿ ಜಾತಿಯ ಮರ. ಖರೀಫ್‌ನಲ್ಲಿ ಬಂದ ಪ್ರವಾಸಿಗೆ ಆ ಹುಲ್ಲೂ ಹಸಿರಾಗಿಯೇ ಕಾಣುತ್ತದೆ, ಫೋಟೊ ಚೆನ್ನಾಗಿ ಬರುತ್ತದೆ. ಹಸಿರೆಲ್ಲ ಒಂದೇ ಅಲ್ಲವೆಂಬುದು ಅವನಿಗೆ ಹೊಳೆಯುವಂತಿಲ್ಲ. ಹುಲ್ಲು ಹಿಡಿಯುವ ಮಂಜು ಮರ ಹಿಡಿಯುವುದಕ್ಕಿಂತ ಎಷ್ಟೋ ಕಡಿಮೆ. ಬೆಟ್ಟಕ್ಕೆ ಇಳಿದ ನೀರೇ ಬಯಲಿನ ಚಿಲುಮೆಗಳಲ್ಲಿ, ತೆಂಗಿನ ತೋಟದ ಬಾವಿಗಳಲ್ಲಿ ಮೇಲೆ ಬರುವುದು. ಸಲಾಲಾದ ಎಳನೀರಿಗೂ ಗುಡ್ಡದ ಮೇಲಿನ ಒಂಟೆಯ ಕೊರಳಿಗೂ ಇರುವ ಸಂಬಂಧ ಇದು.

ಲುಬಾನ್ ಮರಗಳ ಸ್ಥಿತಿಯೂ ನಿಶ್ಚಿಂತೆಯದಲ್ಲ. ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ 1998ರಲ್ಲೇ ಇದನ್ನು ಅಪಾಯದ ಹೊಸ್ತಿಲಲ್ಲಿರುವ ಜಾತಿಗಳ ಪಟ್ಟಿಗೆ ಸೇರಿಸಿತು. ತಲೆಮಾರುಗಳಿಂದ ಬಲ್ಲ ಕುಟುಂಬದವರು ಎಷ್ಟು ಕೆತ್ತಬೇಕು, ಯಾವಾಗ ಮರಕ್ಕೆ ಬಿಡುವು ಕೊಡಬೇಕು ಎಂದು ಅರಿತಿದ್ದರು. ಆ ಹದ ತಿಳಿಯದ ಕೈ ಬಿದ್ದಲ್ಲಿ ಮರ ಸೊರಗುತ್ತದೆ. ಸಲಾಲಾದಿಂದ ಉತ್ತರಕ್ಕಿರುವ ದೌಕಾ ಕಣಿವೆಯ ಮರಗಳು ಬೇಲಿಯೊಳಗೆ ಸುರಕ್ಷಿತವಾಗಿವೆ. ಯುನೆಸ್ಕೊ 2000ದಲ್ಲಿ ಈ ಕಣಿವೆ, ಖೋರ್ ರೋರಿ, ಅಲ್ ಬಲೀದ್ ಮತ್ತು ಮರಳುಗಾಡಿನಂಚಿನ ಶಿಸ್ರ್ ಎಂಬ ಹಳೆಯ ತಂಗುದಾಣ, ನಾಲ್ಕನ್ನೂ ಸೇರಿಸಿ ವಿಶ್ವ ಪರಂಪರೆಯ ಪಟ್ಟಿಗೆ ತಂದಿದೆ. ಮಂಜಿನ ಕಾಡು ಆ ನಾಲ್ಕರಲ್ಲಿ ಸೇರಿಲ್ಲ. ಪಾಳುಗೋಡೆಗೆ ಸಿಕ್ಕ ಮನ್ನಣೆ ಜೀವಂತ ಮರಕ್ಕೆ ಸಿಗುವುದು ನಿಧಾನ. ಇದು ನಮ್ಮಲ್ಲೂ ಇರುವ ಚಾಳಿ.

2018ರ ಮೇ ತಿಂಗಳಲ್ಲಿ ಮೆಕುನು ಚಂಡಮಾರುತ ಸಲಾಲಾದ ಬಳಿಯೇ ತೀರಕ್ಕೆ ಅಪ್ಪಳಿಸಿತು. ಎರಡೂವರೆ ವರ್ಷದಲ್ಲಿ ಬೀಳುವಷ್ಟು ಮಳೆ, 270 ಮಿಲಿಮೀಟರಿಗೂ ಮಿಕ್ಕಿ, ಒಂದೇ ದಿನದಲ್ಲಿ ಸುರಿಯಿತು. ದರ್ಬಾತ್‌ನಲ್ಲಿ ಬಂಡೆಯ ಅಂಚಿನಿಂದ ದೊಡ್ಡ ಜಲಪಾತ ಧುಮುಕಿತು. ಮರಳುಗಾಡಿನೊಳಗೆ ಕೆರೆಗಳಾದವು. ಆ ಕೆರೆಗಳ ಸುತ್ತಿನ ತೇವದಲ್ಲಿ ಮಿಡತೆಗಳು ಮೊಟ್ಟೆಯಿಟ್ಟು ತಲೆಮಾರಿನ ಮೇಲೆ ತಲೆಮಾರು ಬೆಳೆದವು. 2019 ಮತ್ತು 2020ರಲ್ಲಿ ಪೂರ್ವ ಆಫ್ರಿಕದಲ್ಲೂ ನಮ್ಮ ರಾಜಸ್ಥಾನದಲ್ಲೂ ಪೈರು ತಿಂದ ಮಿಡತೆ ದಂಡುಗಳ ಮೂಲವನ್ನು ವಿಜ್ಞಾನಿಗಳು ಈ ಚಂಡಮಾರುತದ ಮಳೆಯ ತನಕ ಹಿಂಬಾಲಿಸಿದ್ದಾರೆ. ಮಂಜಾಗಿ ಮೂರು ತಿಂಗಳು ಹನಿಹನಿಯಾಗಿ ಇಳಿಯುವ ನೀರಿಗೂ ಒಂದು ದಿನ ಬಡಿದು ಹೋಗುವ ನೀರಿಗೂ ಎಷ್ಟು ವ್ಯತ್ಯಾಸ! ಮೊದಲನೆಯದನ್ನು ಬೆಟ್ಟ ಕುಡಿಯುತ್ತದೆ. ಎರಡನೆಯದು ಮಣ್ಣನ್ನೂ ಕೊಚ್ಚಿಕೊಂಡು ಕಡಲಿಗೆ ಹೋಗುತ್ತದೆ.

ಮರ ಮಾಡುವ ಕೆಲಸವನ್ನು ಬಲೆಯಿಂದ ಮಾಡಿಸಬಹುದೇ ಎಂಬ ಪ್ರಯೋಗಗಳು 1990ರ ಸುಮಾರಿಗೇ ಈ ಬೆಟ್ಟಗಳಲ್ಲಿ ನಡೆದಿವೆ. ಎರಡು ಕಂಬಗಳ ನಡುವೆ ಬಲೆ ಕಟ್ಟಿದರೆ ಮಂಜು ತಾಕಿ ಕೆಳಗಿನ ದೋಣಿಗೆ ನೀರು ತೊಟ್ಟಿಕ್ಕುತ್ತದೆ. ನೀರು ಸಿಕ್ಕಿತು, ಚೆನ್ನಾಗಿಯೇ ಸಿಕ್ಕಿತು. ಆದರೆ ಅದು ಸಿಗುವುದು ಖರೀಫ್‌ನಲ್ಲಿ ಮಾತ್ರ. ನೀರು ಬೇಕಾದದ್ದು ಉಳಿದ ಒಂಬತ್ತು ತಿಂಗಳಿಗೆ. ಮರವಾದರೆ ಹಿಡಿದದ್ದನ್ನು ಬೇರಿನಡಿ ಇಳಿಸಿ ನೆಲದೊಳಗೆ ಕೂಡಿಡುತ್ತದೆ. ಹಾಗಾಗಿ ಬಲೆಯ ನೀರನ್ನು ಬೇಲಿಯೊಳಗೆ ನೆಟ್ಟ ಸಸಿಗೆ ಕೊಟ್ಟು, ಅದು ತನ್ನ ಮಂಜನ್ನು ತಾನೇ ಹಿಡಿಯುವಷ್ಟು ಎತ್ತರವಾಗುವ ತನಕ ಕಾಯುವುದು ಹೆಚ್ಚು ಸರಿಯಾದ ದಾರಿ. ಬೇಲಿ ಹಾಕಿ ಒಂಟೆ ಬಾರದಂತೆ ತಡೆದರೆ ಹುಲ್ಲಿನ ನಡುವೆ ದಿಂಡಿಗದ ದಾಯಾದಿ ಮತ್ತೆ ತಲೆಯೆತ್ತಬಲ್ಲುದು. ಬೇಲಿ ಎಲ್ಲಿ ಹಾಕಬೇಕು, ಯಾರ ಮೇವಿನ ಜಾಗ ಬಿಡಿಸಬೇಕು, ಬಿಟ್ಟವರಿಗೆ ಏನು ಕೊಡಬೇಕು ಎಂಬ ಮಾತು ಬಂದಾಗ ಮಾತ್ರ ವಿಷಯ ವಿಜ್ಞಾನಿಗಳ ಕೈಯಿಂದ ಕುಲದ ಹಿರಿಯರ ಕೈಗೆ ಹೋಗುತ್ತದೆ. ಆ ಮಾತುಕತೆ ನಡೆಯಬೇಕಾದದ್ದು ಶಹ್ರಿ ನುಡಿಯಲ್ಲಿ.